ಭಾಂಡುಪ್–ಮುಲುಂಡ್ ನಡುವಿನ ಹಳೇ ಕಾರ್ಖಾನೆ ಜಾಗದ ಫ್ಲ್ಯಾಟು: ಮನೆಗೆ ಒಳ್ಳೆ ಮಾರ್ಕು, ಮಣ್ಣಿಗೆ ಇಲ್ಲ

ಮುಂಬಯಿಯ ಎಲ್‌ಬಿಎಸ್ ಮಾರ್ಗದಲ್ಲಿ ಭಾಂಡುಪ್ ದಾಟಿ ಮುಲುಂಡ್ ಕಡೆ ಹೋಗುವಾಗ ಕಾಣುವ ಟವರುಗಳಲ್ಲಿ ಹಲವು ಒಂದು ಕಾಲದ ಕಾರ್ಖಾನೆಗಳ ಜಾಗದಲ್ಲಿ ಎದ್ದಂಥವು. ಅಂಥದೇ ಒಂದು ಕಾಂಪ್ಲೆಕ್ಸಿನಲ್ಲಿ ನಾವು ಎರಡು ಮಳೆಗಾಲ ಕಳೆದಿದ್ದೇವೆ. ಡೊಂಬಿವ್ಲಿಯ ಹಳೇ ನೆರೆಯವರು, ಸಂಘದ ಕಾರ್ಯಕ್ರಮಗಳಲ್ಲಿ ಸಿಗುವವರು, ಊರಿನಿಂದ ಫೋನ್ ಮಾಡುವವರು ಎಲ್ಲರೂ ಕೇಳುವುದು ಒಂದೇ: "ಫ್ಲ್ಯಾಟು ಹೇಗಿದೆ? ನಾವೂ ಆ ಕಡೆ ನೋಡಬಹುದಾ?" ಫೋನಿನಲ್ಲಿ ಹೇಳಿ ಮುಗಿಯುವ ಉತ್ತರ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಿಲ್ಡರ್ ಹೆಸರು ಹಾಕಿಲ್ಲ. ಸೊಸೈಟಿಗೂ ಅವರಿಗೂ ಮಾತುಕತೆ ಇನ್ನೂ ನಡೆಯುತ್ತಿದೆ. ಅಲ್ಲದೆ ನಾನು ಹೇಳುವುದರಲ್ಲಿ ಮುಕ್ಕಾಲು ಭಾಗ ಈ ರಸ್ತೆಯ, ಠಾಣೆಯ, ಕಾಂದಿವ್ಲಿಯ ಇಂಥ ಯಾವ ಪ್ರಾಜೆಕ್ಟಿಗೂ ಅನ್ವಯಿಸುತ್ತದೆ.

ನನ್ನ ಬಗ್ಗೆ ಎರಡು ಮಾತು ಹೇಳಿದರೆ ಮುಂದಿನದು ಅರ್ಥವಾದೀತು. ನಾನು ಕುಂದಾಪುರ ಕಡೆಯವನು. ಬಿ.ಎಸ್ಸಿ. ಮುಗಿಸಿ ಮುಂಬಯಿಗೆ ಬಂದು, ತುರ್ಭೆಯಲ್ಲಿ ಬಟ್ಟೆಗೆ ಹಾಕುವ ಬಣ್ಣ ತಯಾರಿಸುವ ಕಂಪನಿಯೊಂದಕ್ಕೆ ಶಿಫ್ಟ್ ಕೆಮಿಸ್ಟ್ ಆಗಿ ಸೇರಿದೆ. ಕೊನೆಯ ವರ್ಷಗಳಲ್ಲಿ ಅಲ್ಲಿನ ಇಟಿಪಿ ನೋಡಿಕೊಂಡೆ. ಕಾರ್ಖಾನೆಯ ಕೊಳಚೆ ನೀರನ್ನು ಶುದ್ಧ ಮಾಡಿ ಹೊರಬಿಡುವ ವಿಭಾಗ ಅದು. ಒಂದು ಫ್ಯಾಕ್ಟರಿಯ ನೆಲದಡಿಗೆ ವರ್ಷಗಟ್ಟಲೆ ಏನೇನು ಇಳಿಯುತ್ತದೆ ಎಂದು ನಾನು ಪುಸ್ತಕ ಓದಿ ಕಲಿತದ್ದಲ್ಲ. ಹಾಗಾಗಿ ಈ ವಿಮರ್ಶೆಯಲ್ಲಿ ಮಾಡ್ಯುಲರ್ ಕಿಚನ್ನಿಗಿಂತ ಮಣ್ಣಿನ ವಿಷಯವೇ ಜಾಸ್ತಿ ಇರುತ್ತದೆ.

ಮೊದಲು ಮನೆ. ಎರಡು ಬೆಡ್‌ರೂಮು, 14ನೇ ಮಹಡಿ, ರೇರಾ (ಮನೆ ಕೊಳ್ಳುವವರ ಹಿತ ಕಾಯುವ ಕಾನೂನು) ಲೆಕ್ಕದ ಕಾರ್ಪೆಟ್, ಅಂದರೆ ಮನೆಯೊಳಗೆ ಬಳಕೆಗೆ ಸಿಗುವ ನೆಲ, 642 ಚದರಡಿ. ಡೊಂಬಿವ್ಲಿ ಫ್ಲ್ಯಾಟು ಮಾರಿದ ಹಣ, ನನ್ನ ಪಿಎಫ್, ಮಗನ ಹೋಮ್ ಲೋನ್ ಎಲ್ಲ ಸೇರಿಸಿ 1.65 ಕೋಟಿಗೆ ತೆಗೆದುಕೊಂಡೆವು. ಓಸಿ, ಅಂದರೆ ಕಟ್ಟಡ ವಾಸಕ್ಕೆ ಸಿದ್ಧ ಎಂಬ ಪಾಲಿಕೆಯ ಪತ್ರ, ಬಂದ ಮೇಲೆ ಕೊಂಡದ್ದರಿಂದ ಜಿಎಸ್‌ಟಿ ಬೀಳಲಿಲ್ಲ. ಹೆಂಡತಿಯ ಹೆಸರಲ್ಲಿ ಮಾಡಿಸಿದ್ದರಿಂದ ಸ್ಟಾಂಪ್ ಡ್ಯೂಟಿಯಲ್ಲಿ ಶೇ. 1 ಉಳಿಯಿತು. ಕಟ್ಟಡದ ಕೆಲಸ ಚೆನ್ನಾಗಿದೆ, ಅದನ್ನು ಮುಚ್ಚಿಡುವುದಿಲ್ಲ. ಮುಂಬಯಿಯ ಮಳೆಗೆ ಪಶ್ಚಿಮದ ಗೋಡೆ ಒಳಗಿನಿಂದ ಒದ್ದೆಯಾಗದೆ ಉಳಿದರೆ ಅದೇ ದೊಡ್ಡ ಪರೀಕ್ಷೆ. ನಮ್ಮ ಗೋಡೆಯಲ್ಲಿ ಈವರೆಗೆ ಒಂದು ಕಲೆಯೂ ಕಂಡಿಲ್ಲ. ಹಾಲಿನ ಕಿಟಕಿ, ಅಡುಗೆಮನೆ ಕಿಟಕಿ ಎದುರುಬದುರಾಗಿರುವುದರಿಂದ ಗಾಳಿ ಧಾರಾಳ. ಡ್ರೈ ಬಾಲ್ಕನಿಯಲ್ಲಿ ಗ್ರೈಂಡರ್ ಇಟ್ಟುಕೊಂಡ ದಿನ ಹೆಂಡತಿ, "ಕೊನೆಗೂ ಇದಕ್ಕೊಂದು ಜಾಗ ಸಿಕ್ತು ಮಾರಾಯ್ರೆ, ಇನ್ನು ಹಾಲಲ್ಲಿ ಉದ್ದು ರುಬ್ಬೋದು ಬೇಡ" ಎಂದಳು. ಕೊರತೆಗಳೂ ಇವೆ. ಸಣ್ಣ ಬೆಡ್‌ರೂಮಿನಲ್ಲಿ ಮಂಚ ಹಾಕಿದರೆ ಕಪಾಟಿನ ಬಾಗಿಲು ಪೂರ್ತಿ ತೆರೆಯುವುದಿಲ್ಲ. ಕಾಮನ್ ಬಾತ್‌ರೂಮಿನ ಇಳಿಜಾರು ತಪ್ಪಿ ಮೂಲೆಯಲ್ಲಿ ನೀರು ನಿಲ್ಲುತ್ತಿತ್ತು, ಬರೆದುಕೊಟ್ಟ ಮೇಲೆ ಟೈಲ್ಸ್ ಕಿತ್ತು ಸರಿ ಮಾಡಿಕೊಟ್ಟರು. ಒಂದರ ಮೇಲೊಂದು ಕಾರು ಏರಿಸಿಡುವ ಸ್ಟ್ಯಾಕ್ ಪಾರ್ಕಿಂಗು ವಯಸ್ಸಾದವರಿಗೆ ಕಷ್ಟ. ಮೇಂಟೆನೆನ್ಸು ಚದರಡಿಗೆ 9 ರೂಪಾಯಿಯಂತೆ ತಿಂಗಳು ತಿಂಗಳು ಕಟ್ಟಬೇಕು. ನಿವೃತ್ತಿ ಜೀವನಕ್ಕೆ ಇದು ಭಾರವೇ.

ಜಾಗದ ಅನುಕೂಲಕ್ಕೆ ಪೂರ್ತಿ ಮಾರ್ಕು. ನಾಹೂರ್ ಸ್ಟೇಷನ್ನಿಗೆ ನಡೆದೇ ಹೋಗುತ್ತೇನೆ. ಮುಲುಂಡ್ ಮಾರ್ಕೆಟಿನಲ್ಲಿ ಕುಚ್ಚಲಕ್ಕಿ, ಬ್ಯಾಡಗಿ ಮೆಣಸು, ಬೆಲ್ಲ ಎಲ್ಲ ಸಿಗುತ್ತದೆ, ಕನ್ನಡ ಪೇಪರ್ ಹಾಕುವ ಹುಡುಗನೂ ಸಿಕ್ಕಿದ್ದಾನೆ. ರಸ್ತೆ ಮಧ್ಯೆ ಮೆಟ್ರೋ 4ರ ಕಂಬಗಳ ಕೆಲಸದಿಂದಾಗಿ ಸಂಜೆ ಟ್ರಾಫಿಕ್ ಜಾಮ್ ವಿಪರೀತ, ಲೈನು ಶುರುವಾದರೆ ತಗ್ಗೀತು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಈ ಅನುಕೂಲ ಯಾವುದೂ ಬಿಲ್ಡರು ಕೊಟ್ಟದ್ದಲ್ಲ, ಹಳೇ ಕಾರ್ಖಾನೆ ಬಿಟ್ಟುಹೋದದ್ದು. ಕಾರ್ಖಾನೆ ನಡೆಯಲು ಅಗಲವಾದ ರಸ್ತೆ ಬೇಕಿತ್ತು, ದೊಡ್ಡ ನೀರಿನ ಪೈಪು, ಹೈ ಟೆನ್ಶನ್ ಕರೆಂಟು, ಗಟಾರ, ಕೆಲಸಗಾರರು ಇಳಿಯಲು ಸ್ಟೇಷನ್ ಬೇಕಿತ್ತು. ಎಲ್ಲ ಸಿದ್ಧ ಇರುವಲ್ಲಿ ಮನೆ ಕಟ್ಟಿದರೆ ಊರು ಹೊಸದಾಗಿ ಯಾವುದನ್ನೂ ಕಡಿಯಬೇಕಾಗಿಲ್ಲ, ಹೂಳಬೇಕಾಗಿಲ್ಲ.

ನಮ್ಮ ಟವರಿನ ಟೆರೇಸಿನಲ್ಲಿ ನಿಂತರೆ ಈ ಮಾತು ಕಣ್ಣಿಗೇ ಕಾಣುತ್ತದೆ. ಪಶ್ಚಿಮಕ್ಕೆ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗುಡ್ಡ, ಪೂರ್ವಕ್ಕೆ ರೈಲು ಹಳಿ, ಹೈವೇ, ಅದರಾಚೆ ಉಪ್ಪಿನ ಗದ್ದೆಗಳು, ಮ್ಯಾಂಗ್ರೋವ್ ಕಾಡು, ಠಾಣೆ ಖಾಡಿ, ಅಂದರೆ ಕಡಲಿನ ಕವಲು. ಆ ಖಾಡಿಯ ಫ್ಲೆಮಿಂಗೋ ಧಾಮ 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದೆ. ಈ ಊರು ಹಬ್ಬಲು ಈ ಎರಡರ ನಡುವಿನ ಪಟ್ಟಿಯಲ್ಲೇ ಜಾಗ ಹುಡುಕಬೇಕು. ಹುಡುಕದೆ ಹೋದರೆ ಗುಡ್ಡ ಹೋಗುತ್ತದೆ, ಇಲ್ಲವೇ ಉಪ್ಪಿನ ಗದ್ದೆ ಹೋಗುತ್ತದೆ. 2024ರಲ್ಲಿ ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್‌ನ ಸುಮಾರು 255 ಎಕರೆ ಉಪ್ಪಿನ ಗದ್ದೆ ಜಾಗವನ್ನು ಧಾರಾವಿ ಕೊಳೆಗೇರಿ ಪುನರಭಿವೃದ್ಧಿಯ ಬಾಡಿಗೆ ಮನೆಗಳಿಗೆಂದು ಕೊಡಲು ರಾಜ್ಯ ಸಂಪುಟ ಒಪ್ಪಿತು. ಉಬ್ಬರದ ಹೊತ್ತಿಗೆ ಮಳೆ ಸುರಿದರೆ ನೀರು ಹೋಗಿ ನಿಲ್ಲುವುದು ಆ ತಗ್ಗಿನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಸುರಿದದ್ದನ್ನು ಈ ಊರಿನಲ್ಲಿದ್ದವರು ಯಾರೂ ಮರೆಯುವ ಹಾಗಿಲ್ಲ. ಹಾಗಾಗಿ ಮುಚ್ಚಿದ ಕಾರ್ಖಾನೆಯ ಮೇಲೆ ಮನೆ ಬೇಕೇ ಎಂದು ಕೇಳಿದರೆ, ಬೇಕು, ಮೊದಲು ಅಲ್ಲೇ ಕಟ್ಟಿ ಎಂದೇ ನಾನು ಹೇಳುವುದು. ಹೇಗೆ ಕಟ್ಟುತ್ತಾರೆ, ಯಾರಿಗೆ ಏನು ಬಿಟ್ಟುಕೊಡುತ್ತಾರೆ ಎಂಬಲ್ಲಿ ನನ್ನ ತಕರಾರು.

ಮುಂಬಯಿಯಲ್ಲಿ ಇದರ ದೊಡ್ಡ ಪಾಠ ಇರುವುದು ಹಳೇ ಬಟ್ಟೆ ಮಿಲ್ಲುಗಳಿದ್ದ ಗಿರಣಗಾಂವ್‌ನಲ್ಲಿ. ಲಾಲ್‌ಬಾಗ್‌ನ ಮಿಲ್ಲೊಂದರ ಕ್ಯಾಂಟೀನಿನಲ್ಲಿ ನನ್ನ ಸೋದರಮಾವ ಕೆಲಸಕ್ಕಿದ್ದರು. 1982ರ ಜನವರಿ 18ರಂದು ಕಾರ್ಮಿಕ ನಾಯಕ ದತ್ತಾ ಸಾಮಂತರ ನೇತೃತ್ವದಲ್ಲಿ ಮುಷ್ಕರ ಶುರುವಾದಾಗ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಹೊರಗೆ ನಿಂತರು. ಅವರ ಜೊತೆ ಲೆಕ್ಕಕ್ಕೇ ಸಿಗದ ನಮ್ಮಂಥ ಕ್ಯಾಂಟೀನಿನವರು, ಖಾನಾವಳಿಯವರು, ಬೀಡಾ ಅಂಗಡಿಯವರೂ ಬೀದಿಗೆ ಬಿದ್ದರು. ಮಾವ ಊರಿಗೆ ಹೋದವರು ತಿರುಗಿ ಬರಲಿಲ್ಲ. ಮಿಲ್ಲುಗಳ ಕೈಯಲ್ಲಿದ್ದ ಜಾಗ ಒಟ್ಟು ಸುಮಾರು 600 ಎಕರೆ. 1991ರ ಅಭಿವೃದ್ಧಿ ನಿಯಂತ್ರಣ ನಿಯಮದ 58ನೇ ಕಲಮು ನ್ಯಾಯವಾಗಿಯೇ ಇತ್ತು: ಮಿಲ್ಲಿನ ಜಾಗ ಅಭಿವೃದ್ಧಿ ಮಾಡುವುದಾದರೆ ಸರಿಸುಮಾರು ಮೂರರಲ್ಲೊಂದು ಪಾಲು ಪಾಲಿಕೆಗೆ, ಪಾರ್ಕು ಮೈದಾನಗಳಿಗಾಗಿ. ಇನ್ನೊಂದು ಪಾಲು ರಾಜ್ಯದ ವಸತಿ ಸಂಸ್ಥೆ ಮ್ಹಾಡಾಕ್ಕೆ, ಸಾಮಾನ್ಯರ ಮನೆಗಳಿಗಾಗಿ. ಉಳಿದದ್ದು ಮಾಲೀಕನಿಗೆ. ಜಾಗವನ್ನು ಒಟ್ಟಾಗಿ ನೋಡಿ ಯೋಜನೆ ಮಾಡಬೇಕೆಂದು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ ಅವರ ಸಮಿತಿಯೂ 1996ರಲ್ಲಿ ಹೇಳಿತ್ತು. 2001ರಲ್ಲಿ ಆ ಕಲಮನ್ನು ತಿದ್ದಿ, ಮಿಲ್ಲಿನ ಆವರಣದಲ್ಲಿ ಕಟ್ಟಡವೇ ಇಲ್ಲದೆ ಖಾಲಿ ಬಿದ್ದ ಜಾಗಕ್ಕೆ ಮಾತ್ರ ಈ ಹಂಚಿಕೆ ಎಂದು ಮಾಡಿದರು. ಮಿಲ್ಲು ಅಂದರೆ ಶೆಡ್ಡಿನ ಪಕ್ಕ ಶೆಡ್ಡು, ಖಾಲಿ ಜಾಗ ಎಲ್ಲಿರುತ್ತದೆ? ಬಾಂಬೆ ಹೈಕೋರ್ಟು 2005ರಲ್ಲಿ ಜನರ ಪರ ತೀರ್ಪು ಕೊಟ್ಟಿತು, 2006ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು.

ಕಾರ್ಮಿಕರಿಗೆ ಕೊನೆಗೆ ಸಿಕ್ಕಿದ್ದು 225 ಚದರಡಿಯ ಮನೆಗಳು, ಅದೂ ಲಾಟರಿಯಲ್ಲಿ. ಮೊದಲ ಲಾಟರಿ 2012ರಲ್ಲಿ, ಮುಷ್ಕರ ಶುರುವಾಗಿ ಮೂವತ್ತು ವರ್ಷದ ಮೇಲೆ. 2020ರ ಮಾರ್ಚ್‌ನ ಲಾಟರಿಯಲ್ಲಿ 3,894 ಮನೆಗಳಿದ್ದವು. ಅರ್ಜಿ ಹಾಕಿ ಕಾದಿದ್ದ ಕಾರ್ಮಿಕರು, ಅವರ ವಾರಸುದಾರರು ಒಂದೂವರೆ ಲಕ್ಷಕ್ಕೂ ಹೆಚ್ಚು. ಲೋವರ್ ಪರೇಲ್‌ನಲ್ಲಿ ನಡೆದು ಹೋದರೆ ಎಷ್ಟೊಂದು ಟವರುಗಳು, ಎಷ್ಟೊಂದು ಗಾಜು. ಮಕ್ಕಳು ಚೆಂಡು ಆಡುವ ಮೈದಾನ ಎಲ್ಲಿದೆ ಎಂದು ಹುಡುಕಬೇಕು. ನೆಲ ಒಮ್ಮೆ ಕೈತಪ್ಪಿದರೆ ಮತ್ತೆ ಬರುವುದಿಲ್ಲ ಎಂಬ ಸಂಕಟ ನನಗೆ ಆ ರಸ್ತೆಯಲ್ಲಿ ಪ್ರತಿ ಸಲ ಆಗುತ್ತದೆ.

ನಮ್ಮ ಕಡೆಯ ಕಾರ್ಖಾನೆಗಳಿಗೆ ಆ ಮಿಲ್ಲಿನ ಕಲಮು ಅನ್ವಯಿಸುವುದಿಲ್ಲ. ಇಲ್ಲಿ ಇಂಡಸ್ಟ್ರಿಯಲ್ ಝೋನಿನ ಜಾಗವನ್ನು ವಸತಿಗೆ ಬದಲಾಯಿಸಲು ಪಾಲಿಕೆಯ ಅನುಮತಿ ಬೇಕು. ಜಾಗ ದೊಡ್ಡದಿದ್ದರೆ ಅದರಲ್ಲಿ ಒಂದು ಪಾಲನ್ನು ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟುಕೊಡಬೇಕು. ಮುಚ್ಚಿದ ಕಾರ್ಖಾನೆಯಾದರೆ ಕಾರ್ಮಿಕರ ಬಾಕಿ ತೀರಿಸಿದ್ದಾರೆಂದು ಕಾರ್ಮಿಕ ಆಯುಕ್ತರ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಎಂಬ ಪತ್ರ, ಬೇಕು. ನಮ್ಮ ಪ್ರಾಜೆಕ್ಟಿನ ಫೈಲು ಸೊಸೈಟಿಗೆ ಸಿಕ್ಕಾಗ ನಾನು ಕೂತು ಹಾಳೆ ಹಾಳೆ ಓದಿದೆ. ಕಾರ್ಮಿಕ ಆಯುಕ್ತರ ಕಾಗದ ಇತ್ತು, ಫೈರ್ ಎನ್‌ಒಸಿ ಇತ್ತು, ಮರ ಕಡಿಯುವ ಅನುಮತಿ ಇತ್ತು, ಏರ್‌ಪೋರ್ಟಿನವರ ಎತ್ತರದ ಅನುಮತಿಯೂ ಇತ್ತು. ಈ ನೆಲದಲ್ಲಿ ಹಿಂದೆ ಏನು ಮಾಡುತ್ತಿದ್ದರು, ಮಣ್ಣಿನಲ್ಲಿ ಏನು ಉಳಿದಿದೆ ಎಂದು ಹೇಳುವ ಕಾಗದ ಒಂದೂ ಇರಲಿಲ್ಲ.

ಬುಕಿಂಗ್ ಸಮಯದಲ್ಲಿ ಸೇಲ್ಸ್ ಆಫೀಸಿನ ಹುಡುಗಿಯನ್ನು ನಾನು ಇದನ್ನು ಕೇಳಿದ್ದೆ. "ಅಂಕಲ್, ಸಾಯಿಲ್ ರಿಪೋರ್ಟ್ ಇದೆಯಲ್ಲ" ಎಂದು ಸ್ಪೈರಲ್ ಬೈಂಡಿಂಗಿನ ಒಂದು ಪುಸ್ತಕವನ್ನೇ ಮುಂದಿಟ್ಟಳು. ಕೊಳ್ಳುವವರು ಇದನ್ನು ಚೆನ್ನಾಗಿ ಗಮನಿಸಬೇಕು. ಅದು ಜಿಯೋಟೆಕ್ನಿಕಲ್ ರಿಪೋರ್ಟು. ಎಷ್ಟು ಮೀಟರಿಗೆ ಕಲ್ಲು ಸಿಕ್ಕಿತು, ನೆಲ ಎಷ್ಟು ಭಾರ ತಾಳುತ್ತದೆ, ಪೈಲ್ ಎಷ್ಟು ಆಳ ಹೋಗಬೇಕು ಎಂಬ ಲೆಕ್ಕ ಅದರಲ್ಲಿರುತ್ತದೆ. ಟವರು ಬೀಳುವುದಿಲ್ಲ ಎಂದು ಅದು ಹೇಳುತ್ತದೆ. ಮಣ್ಣಿನಲ್ಲಿ ಸೀಸ ಇದೆಯೇ, ಕ್ರೋಮಿಯಂ ಇದೆಯೇ, ಎಣ್ಣೆ ಇದೆಯೇ ಎಂದು ಹೇಳುವುದಿಲ್ಲ. ಅದು ಬೇರೆಯೇ ಪರೀಕ್ಷೆ, ಬೇರೆಯೇ ಲ್ಯಾಬು. ಆ ಹುಡುಗಿಗೆ ಈ ವ್ಯತ್ಯಾಸ ಯಾರೂ ಹೇಳಿಕೊಟ್ಟಿರಲಿಲ್ಲ, ಅವಳ ಮೇಲೆ ನನಗೆ ಸಿಟ್ಟಿಲ್ಲ.

ವಿಷಯ ಬಯಲಾದದ್ದು ಬಸಳೆಯಿಂದ. ಸಿ ವಿಂಗಿನ ಹಿಂದೆ, ಕಾಂಪೌಂಡ್ ಗೋಡೆಗೆ ತಾಗಿ, ಹತ್ತು ಹನ್ನೆರಡು ಅಡಿ ಅಗಲದ ಒಂದು ಪಟ್ಟಿ ಮಣ್ಣಿನ ನೆಲ ಇದೆ. ಬಾಕಿ ತೋಟವೆಲ್ಲ ಪೋಡಿಯಂ, ಅಂದರೆ ಟವರುಗಳ ಬುಡದ ಕಾಂಕ್ರೀಟ್ ಅಟ್ಟದ ಮೇಲೆ, ಸ್ಲ್ಯಾಬಿನ ಮೇಲೆ ಹೊರಗಿನಿಂದ ತಂದು ಹಾಕಿದ ಕೆಂಪು ಮಣ್ಣು. ಕೆಳಗಿನ ಪಟ್ಟಿಯಲ್ಲಿ ನನ್ನ ಹೆಂಡತಿ, ಬಿ ವಿಂಗಿನ ಶೆಟ್ರ ಮನೆಯವರು, ಒಬ್ಬ ಗುಜರಾತಿ ಬೆಹೆನ್ ಎಲ್ಲ ಸೇರಿ ಬಸಳೆ, ಕೆಸು, ಕರಿಬೇವು, ದಾಸವಾಳ ನೆಟ್ಟರು. ಬಸಳೆ ಎಂಥ ಬಳ್ಳಿ ಎಂದು ನಮ್ಮವರಿಗೆ ಗೊತ್ತು. ತುಂಡು ಮುರಿದು ಚುಚ್ಚಿದರೆ ಹಬ್ಬುತ್ತದೆ. ಇಲ್ಲಿ ಮೊಣಕಾಲೆತ್ತರಕ್ಕೆ ಬಂದದ್ದು ಅಂಚು ಕಂದಿ, ಬುಡ ಕೊಳೆತು ನಿಂತುಬಿಟ್ಟಿತು. ಅಳಿದುಳಿದ ಎಲೆಯನ್ನೇ ಕೊಯ್ದು ಹುಳಿಗೆ ಹಾಕಲು ಹೊರಟಿದ್ದಳು, ನಾನು ಬೇಡ ಎಂದೆ.

ಹಾರೆ ತಂದು ಅಗೆದೆ. ಮೇಲೆ ಒಂದು ಗೇಣು ಕೆಂಪು ಮಣ್ಣು. ಅದರ ಕೆಳಗೆ ಒಡೆದ ಇಟ್ಟಿಗೆ, ಕಾಂಕ್ರೀಟಿನ ತುಂಡು, ಮುರಿದ ಸಿಮೆಂಟ್ ಶೀಟಿನ ಚೂರು. ಹಳೇ ಶೆಡ್ಡಿನ ಮಾಡಿನ ಆ ಶೀಟುಗಳಲ್ಲಿ ಅಸ್ಬೆಸ್ಟಾಸ್ ಇರುತ್ತದೆ. ಒಡೆದು ಪುಡಿಯಾಗಿ ಒಣಗಿದರೆ ಅದರ ನಾರು ಗಾಳಿಗೆ ಸೇರುತ್ತದೆ, ಹಾಗಾಗಿ ಮೊದಲು ನೀರು ಚಿಮುಕಿಸಿದೆ. ಮೊಳಕ್ಕಿಂತ ಸ್ವಲ್ಪ ಕೆಳಗೆ ಮಣ್ಣಿನ ಬಣ್ಣವೇ ಬದಲಾಯಿತು. ಕಪ್ಪು, ಹಳೇ ಕಾವಲಿಯ ಜಿಡ್ಡಿನ ಹಾಗೆ ಅಂಟು. ಕೈಗವಸು ಹಾಕಿ ಒಂದು ಹಿಡಿ ತೆಗೆದು ಬಕೆಟ್ ನೀರಿಗೆ ಹಾಕಿದೆ. ಒಂದು ನಿಮಿಷದಲ್ಲಿ ಮೇಲೆ ಬಣ್ಣಬಣ್ಣದ ಪದರ ಹರಡಿತು. ವಾಸನೆ ನನಗೆ ಗೊತ್ತಿದ್ದದ್ದೇ, ಬಾಯ್ಲರಿಗೆ ಉರಿಸುವ ಫರ್ನೇಸ್ ಆಯಿಲ್.

ನಮ್ಮ ಸೊಸೈಟಿಯ ಪಂಪು ನೋಡಿಕೊಳ್ಳುವವರು ಕಲಬುರಗಿ ಕಡೆಯವರು. ಹಿಂದಿನ ಚಾಳಿನಲ್ಲೇ ಮನೆ. ಇದೇ ಕಾರ್ಖಾನೆಯಲ್ಲಿ ಹೆಲ್ಪರ್ ಆಗಿದ್ದವರು ಎಂದು ನನಗೆ ಆ ದಿನವೇ ತಿಳಿದದ್ದು. ಗುಂಡಿ ನೋಡಿದ್ದೇ ಅವರು ಹೇಳಿದರು: "ಅಲ್ಲೇ ಬಾಯ್ಲರ್ ಹೌಸ್ ಇತ್ತು ನೋಡ್ರಿ ಅಣ್ಣಾವ್ರೆ. ಎಣ್ಣಿ ಟಾಕಿ ನೆಲದಾಗೇ ಹೂತಿದ್ರು. ಟ್ಯಾಂಕರ್ ಖಾಲಿ ಮಾಡೋವಾಗ ಚೆಲ್ಲಿದ್ದಕ್ಕ ಲೆಕ್ಕಾನೇ ಇಲ್ರಿ. ಮಳಿಗಾಲದಾಗ ಆ ಗಟಾರದಾಗ ಎಣ್ಣಿ ತೇಲತಿತ್ತು." ಮತ್ತೆ ಕೈ ತೋರಿಸಿ, ಲೋಹಕ್ಕೆ ಲೇಪ ಹಾಕುವ ಪ್ಲೇಟಿಂಗ್ ಶಾಪು ಎಲ್ಲಿತ್ತು, ಪೇಂಟು ಹೊಡೆಯುವ ಜಾಗ ಎಲ್ಲಿತ್ತು, ಟ್ರಾನ್ಸ್‌ಫಾರ್ಮರ್ ಯಾವ ಮೂಲೆಯಲ್ಲಿತ್ತು ಎಂದು ಒಂದೊಂದಾಗಿ ಹೇಳಿದರು. ನಾನು ಹಾಳೆಯಲ್ಲಿ ನಕ್ಷೆ ಬರೆದುಕೊಂಡೆ. ಯಾವ ಕನ್ಸಲ್ಟೆಂಟೂ ಹಣ ಕೊಟ್ಟರೂ ಮಾಡಿಕೊಡಲಾರದ ನಕ್ಷೆ ಅದು. ಹಳೇ ಜಾಗದಲ್ಲಿ ಫ್ಲ್ಯಾಟು ನೋಡುವವರು ಸ್ಯಾಂಪಲ್ ಫ್ಲ್ಯಾಟಿಗಿಂತ ಮೊದಲು ಹಿಂದಿನ ಚಾಳಿಗೆ ಹೋಗಿ, ಟೀ ಅಂಗಡಿಯಲ್ಲಿ ಕೂತು, ಅಲ್ಲಿ ದುಡಿದವರನ್ನು ಮಾತಾಡಿಸಬೇಕು.

ಯಾವ ಮೂಲೆಯಲ್ಲಿ ಏನಿತ್ತು ಎಂಬುದು ಯಾಕೆ ಮುಖ್ಯ ಎಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಎಲ್ಲ ವಿಷವೂ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ಫರ್ನೇಸ್ ಆಯಿಲ್ ಮಣ್ಣಿಗೆ ಅಂಟಿ ಕೂರುತ್ತದೆ, ಹೆಚ್ಚು ದೂರ ಓಡುವುದಿಲ್ಲ, ನೀರು ಸಿಕ್ಕರೆ ಮೇಲೆ ತೇಲುತ್ತದೆ. ಪ್ಲೇಟಿಂಗ್ ಶಾಪಿನ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಹಾಗಲ್ಲ, ನೀರಿನ ಜೊತೆಗೇ ಹರಿದು ಬೋರ್‌ವೆಲ್ ಸೇರಬಲ್ಲದು. ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಯಲ್ಲಿ ಅದು ಮೊದಲ ಗುಂಪಿನದ್ದು. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಒಟ್ಟು ಕ್ರೋಮಿಯಂಗೆ ಲೀಟರಿಗೆ 0.05 ಮಿಲಿಗ್ರಾಂ ಎಂದು ಮಿತಿ ಹಾಕಿದೆ. ಲೋಹದ ಭಾಗಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್ ಇನ್ನೂ ಕೆಟ್ಟದ್ದು. ನೀರಿಗಿಂತ ಭಾರ, ಅಂತರ್ಜಲದ ಕೆಳಗೂ ಇಳಿದು ಕಲ್ಲಿನ ಬಿರುಕಿನಲ್ಲಿ ಕೂರುತ್ತದೆ, ಅಲ್ಲಿಂದ ಆವಿಯಾಗಿ ನೆಲಮಾಳಿಗೆಗೆ ಏರಬಲ್ಲದು. ಹಳೇ ಬಣ್ಣದಲ್ಲಿ ಸೀಸ, ಹಳೇ ಟ್ರಾನ್ಸ್‌ಫಾರ್ಮರ್ ಎಣ್ಣೆಯಲ್ಲಿ ಪಿಸಿಬಿ ಎಂಬ ವಿಷ ರಾಸಾಯನಿಕ. ಯಾವುದನ್ನು ಎಲ್ಲಿ ಹುಡುಕಬೇಕು ಎಂದು ಗೊತ್ತಿಲ್ಲದೆ ನಾಲ್ಕು ಕಡೆ ಮಣ್ಣು ಎತ್ತಿ ಪರೀಕ್ಷೆ ಮಾಡಿದರೆ "ಎಲ್ಲ ಸರಿ ಇದೆ" ಎಂದು ರಿಪೋರ್ಟು ಬರುವುದು ಸುಲಭ.

ನಮ್ಮ ಖರ್ಚಿನಲ್ಲೇ ಸಿ ವಿಂಗಿನ ಹಿಂದಿನ ಮಣ್ಣು, ಬೋರ್‌ವೆಲ್ ನೀರು ಎರಡನ್ನೂ ಮಾನ್ಯತೆ ಇರುವ ಲ್ಯಾಬಿಗೆ ಕೊಟ್ಟೆವು. ಮಣ್ಣಿನಲ್ಲಿ ಪೆಟ್ರೋಲಿಯಂ ಎಣ್ಣೆಯ ಅಂಶ ಜಾಸ್ತಿ ಬಂತು. ಕ್ರೋಮಿಯಂ, ಸೀಸ ಗಾಬರಿಯಾಗುವಷ್ಟು ಇರಲಿಲ್ಲ. ಬೋರ್‌ವೆಲ್ ನೀರಿನಲ್ಲಿ ಲವಣ ಜಾಸ್ತಿ, ಲೋಹ ಕಾಣಲಿಲ್ಲ. ಆ ನೀರನ್ನು ಫ್ಲಶ್‌ಗೆ, ತೋಟಕ್ಕೆ ಮಾತ್ರ ಬಳಸುತ್ತೇವೆ, ಕುಡಿಯಲು ಪಾಲಿಕೆಯ ನಲ್ಲಿ ನೀರೇ. ಹಾಗಾಗಿ ಟವರಿನಲ್ಲಿರುವವರು ಹೆದರಬೇಕಾಗಿಲ್ಲ ಎಂದು ನಾನು ಸೊಸೈಟಿ ಮೀಟಿಂಗಿನಲ್ಲೂ ಹೇಳಿದೆ. ಟವರುಗಳ ಕೆಳಗೆ ಎರಡು ಬೇಸ್‌ಮೆಂಟ್ ಅಗೆದಿದ್ದಾರೆ, ಅಂದರೆ ಅಲ್ಲಿನ ಹಳೇ ಮಣ್ಣು ಬಹುಮಟ್ಟಿಗೆ ಎದ್ದುಹೋಗಿದೆ. ಅಗೆಯದೆ ಬಿಟ್ಟದ್ದು ಅಂಚುಗಳನ್ನು, ಮಕ್ಕಳು ಆಡುವುದು ಅಂಥ ಅಂಚಿನಲ್ಲೇ. ಇನ್ನೊಂದು ಆತಂಕ, ಮಳೆನೀರು ಇಂಗಿಸುವ ಗುಂಡಿಯನ್ನು ಆ ಕಪ್ಪು ಮಣ್ಣಿಗೆ ಕೂಗಳತೆಯಲ್ಲೇ ತೋಡಿದ್ದಾರೆ. ಇಂಗುಗುಂಡಿ ಒಳ್ಳೆಯದೇ, ಕಾನೂನಿನಲ್ಲೂ ಕಡ್ಡಾಯ. ಕೊಳಕು ಮಣ್ಣಿನ ಮೂಲಕ ನೀರು ಇಳಿಸಿದರೆ ಕೊಳಕೂ ಜೊತೆಗೆ ಇಳಿಯುತ್ತದೆ. ಆ ಗುಂಡಿಯನ್ನು ನಾವು ಸದ್ಯಕ್ಕೆ ಮುಚ್ಚಿಸಿದ್ದೇವೆ.

ನನ್ನ ನಿದ್ದೆ ಕೆಡಿಸುವ ಪ್ರಶ್ನೆ ಇನ್ನೊಂದಿದೆ. ಬೇಸ್‌ಮೆಂಟಿಗೆ ಅಗೆದ ಆ ಮಣ್ಣೆಲ್ಲ ಲಾರಿಯಲ್ಲಿ ಎಲ್ಲಿಗೆ ಹೋಯಿತು? ಅಪಾಯಕಾರಿ ತ್ಯಾಜ್ಯ ಎಂದಾದರೆ ಅದು ತಳೋಜಾದಂಥ ಅಧಿಕೃತ ವಿಲೇವಾರಿ ಕೇಂದ್ರಕ್ಕೆ ಹೋಗಬೇಕು, ಪ್ರತಿ ಲಾರಿಯ ಜೊತೆ 2016ರ ನಿಯಮದ ಫಾರ್ಮ್ 10 ಮ್ಯಾನಿಫೆಸ್ಟ್, ಅಂದರೆ ಸಾಗಣೆ ಪತ್ರ, ಇರಬೇಕು. ಇಟಿಪಿಯ ಸ್ಲಡ್ಜ್ (ತಳದಲ್ಲಿ ಉಳಿಯುವ ಕೆಸರು) ಕಳಿಸುವಾಗ ನಾನೇ ಆ ಫಾರ್ಮು ತುಂಬಿ ಸಹಿ ಹಾಕಿದವನು. ನಮ್ಮ ಫೈಲಿನಲ್ಲಿ ಅಂಥ ಒಂದು ಹಾಳೆಯೂ ಇಲ್ಲ. ಪರೀಕ್ಷೆಯೇ ಮಾಡದ ಮಣ್ಣು ಸಾಧಾರಣ ಮಣ್ಣಾಗಿ ಯಾವುದೋ ತಗ್ಗು ಜಾಗ ತುಂಬಲು ಹೋಗಿರುತ್ತದೆ, ಅದರ ಮೇಲೆ ಬಡವರ ಯಾವುದೋ ಜೋಪಡಿ ಎದ್ದಿರುತ್ತದೆ.

ಮಗಳು ಇಂಗ್ಲೆಂಡಿನ ಲೆಸ್ಟರಿನಲ್ಲಿದ್ದಾಳೆ. ಅಲ್ಲಿಗೆ ಹೋದಾಗ, ಅವಳ ಮನೆಯ ಹಿಂದೆ ಖಾಲಿ ಬಿದ್ದ ಹಳೇ ಫ್ಯಾಕ್ಟರಿ ಜಾಗದ ಬಗ್ಗೆ ಕೇಳಿದೆ. ಅವಳು ಕಂಪ್ಯೂಟರಿನಲ್ಲಿ ಒಂದು ಪಟ್ಟಿ ತೆರೆದು ತೋರಿಸಿದಳು. 2017ರಿಂದ ಇಂಗ್ಲೆಂಡಿನ ಪ್ರತಿ ಸ್ಥಳೀಯ ಯೋಜನಾ ಪ್ರಾಧಿಕಾರವೂ ಬ್ರೌನ್‌ಫೀಲ್ಡ್ ರಿಜಿಸ್ಟರ್, ಅಂದರೆ ಹಿಂದೆ ಬಳಸಿ ಬಿಟ್ಟ ಜಾಗಗಳ ಪಟ್ಟಿ, ಇಡಲೇಬೇಕು. 0.25 ಹೆಕ್ಟೇರಿಗಿಂತ ಕಡಿಮೆ ಇಲ್ಲದ ಅಥವಾ ಕನಿಷ್ಠ 5 ಮನೆ ಹಿಡಿಸುವ, ಮನೆ ಕಟ್ಟಲು ತಕ್ಕ ಹಳೇ ಜಾಗಗಳೆಲ್ಲ ಅದರಲ್ಲಿ ಬರಬೇಕು. ಯಾರು ಬೇಕಾದರೂ ನೋಡಬಹುದು. ಅಲ್ಲಿ ಹಸಿರು ಹೊಲಕ್ಕೆ ಕೈಹಾಕುವ ಮೊದಲು ಇಂಥ ಜಾಗ ಬಳಸಿ ಎಂಬುದು ನೀತಿ. ಮನೆ ಕಟ್ಟುವ ಮೊದಲು ಜಾಗದ ಹಳೇ ನಕ್ಷೆಗಳನ್ನು ತೆಗೆದು ಹಿಂದೆ ಏನಿತ್ತು ಎಂದು ನೋಡುವುದು, ಅನುಮಾನ ಬಂದರೆ ಮಣ್ಣು ಕೊರೆದು ಪರೀಕ್ಷಿಸುವುದು, ಶುದ್ಧ ಮಾಡುವುದು, ಆಮೇಲೆ ಮತ್ತೆ ಪರೀಕ್ಷಿಸಿ ಬರೆದುಕೊಡುವುದು ಅಲ್ಲಿನ ವಾಡಿಕೆ. ಮುಂಬಯಿ ಪಾಲಿಕೆಯ ವಾರ್ಡು ವಾರ್ಡಿಗೆ ಇಂಥದೊಂದು ಪಟ್ಟಿ, ಪಕ್ಕದ ಕಾಲಮಿನಲ್ಲಿ ಅಲ್ಲಿ ಹಿಂದೆ ಏನು ತಯಾರಾಗುತ್ತಿತ್ತು ಎಂಬ ಮಾಹಿತಿ ಇದ್ದರೆ ಉಪ್ಪಿನ ಗದ್ದೆ ಕೇಳುವವರಿಗೆ ಉತ್ತರ ಕೊಡಲು ನಮ್ಮ ಕೈಯಲ್ಲಿ ಕಾಗದ ಇರುತ್ತಿತ್ತು.

ನಮ್ಮಲ್ಲೂ ಕಾನೂನು ಬಂದಿದೆ. 2025ರ ಜುಲೈನಲ್ಲಿ ಕೇಂದ್ರ ಸರ್ಕಾರ ಕಲುಷಿತ ಜಾಗಗಳ ನಿರ್ವಹಣೆಗೆಂದೇ ನಿಯಮ ಹೊರಡಿಸಿತು. ಅನುಮಾನ ಇರುವ ಜಾಗಗಳನ್ನು ಸ್ಥಳೀಯ ಸಂಸ್ಥೆ ಗುರುತಿಸಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು, ಪರೀಕ್ಷೆಯಲ್ಲಿ ಸಾಬೀತಾದರೆ ಕೆಡಿಸಿದವರೇ ಖರ್ಚು ಹೊರಬೇಕು. ಕೊಡೈಕೆನಾಲ್‌ನಲ್ಲಿ 2001ರಲ್ಲಿ ಮುಚ್ಚಿದ ಥರ್ಮಾಮೀಟರ್ ಕಾರ್ಖಾನೆಯ ಪಾದರಸದ ಮಣ್ಣನ್ನು ಎಷ್ಟರ ಮಟ್ಟಿಗೆ ಶುದ್ಧ ಮಾಡಬೇಕು ಎಂದು ವರ್ಷಗಟ್ಟಲೆ ವಾದ ನಡೆದದ್ದು ನೆನಪಿದ್ದವರಿಗೆ ಈ ನಿಯಮ ಎಷ್ಟು ತಡವಾಗಿ ಬಂತು ಎಂದು ಗೊತ್ತು. ಬಂತಲ್ಲ, ಬಳಸಿಕೊಳ್ಳೋಣ.

ಅದಕ್ಕಿಂತ ಹತ್ತಿರದ ಒಂದು ದಾರಿ ಕೊಳ್ಳುವವರ ಕೈಯಲ್ಲೇ ಇದೆ. 20,000 ಚದರ ಮೀಟರಿಗಿಂತ ದೊಡ್ಡ ಕಟ್ಟಡ ಯೋಜನೆಗೆ 2006ರ ಅಧಿಸೂಚನೆಯಂತೆ ಪರಿಸರ ಅನುಮತಿ, ಅಂದರೆ ಇಸಿ, ಬೇಕು. ಮಹಾರಾಷ್ಟ್ರದ ಇಂಥ ಇಸಿ ಪತ್ರಗಳಲ್ಲಿ ಸಾಮಾನ್ಯವಾಗಿ ಒಂದು ಷರತ್ತು ಇರುತ್ತದೆ: ಭಾರ ಲೋಹ ಮತ್ತಿತರ ವಿಷಗಳು ಅಂತರ್ಜಲಕ್ಕೆ ಇಳಿಯುವ ಅಪಾಯ ಇಲ್ಲ ಎಂದು ಖಚಿತಪಡಿಸಲು ಮಣ್ಣು ಮತ್ತು ಅಂತರ್ಜಲದ ಮಾದರಿ ಪರೀಕ್ಷಿಸಬೇಕು. ನಮ್ಮ ಇಸಿಯಲ್ಲೂ ಆ ಸಾಲು ಇದೆ. ಆರು ತಿಂಗಳಿಗೊಮ್ಮೆ ಬಿಲ್ಡರ್ ಸಲ್ಲಿಸಬೇಕಾದ ಪಾಲನಾ ವರದಿಯಲ್ಲಿ ಆ ಸಾಲಿನ ಎದುರು "ಪಾಲಿಸಲಾಗಿದೆ" ಎಂದಷ್ಟೇ ಬರೆದಿದ್ದರು, ಲ್ಯಾಬಿನ ಹಾಳೆ ಲಗತ್ತಿಸಿರಲಿಲ್ಲ. ನಾವು ಬರಹದಲ್ಲಿ ಆ ಹಾಳೆ ಕೇಳಿದ ಮೇಲೆಯೇ ಅವರ ಕಡೆಯಿಂದ ಎಂಜಿನಿಯರ್ ಮಾತಿಗೆ ಬಂದು ಕೂತದ್ದು. ಟೋಕನ್ ಹಣ ಕೊಡುವ ಮೊದಲೇ ಇಸಿ ಪತ್ರ, ಪಾಲನಾ ವರದಿ, ಅದರ ಜೊತೆಗಿನ ಮಣ್ಣಿನ ರಾಸಾಯನಿಕ ಪರೀಕ್ಷೆಯ ಹಾಳೆ, ಅಗೆದ ಮಣ್ಣು ಹೋದ ಜಾಗದ ದಾಖಲೆ ಇವಿಷ್ಟನ್ನು ಕೇಳಿ. ಟೋಕನ್ ಕೊಟ್ಟ ಮೇಲೆ ಯಾರೂ ನಿಮಗೆ ಟೀ ಕೂಡ ಕೊಡುವುದಿಲ್ಲ. ಸ್ವಾಧೀನಕ್ಕೆ ಬಂದವರು ರೇರಾದ ಐದು ವರ್ಷದ ದೋಷ ಹೊಣೆಯ ಅವಧಿ ಮುಗಿಯುವ ಮುನ್ನವೇ ಎಲ್ಲವನ್ನೂ ಬರಹದಲ್ಲಿ ಇಡಿ.

ಪಾಲಿಕೆಗೆ ಬಿಟ್ಟುಕೊಟ್ಟ ಜಾಗದ ಮಾತು ಉಳಿಯಿತು. ಗೇಟಿನ ಎಡಕ್ಕೆ ಒಳ್ಳೇ ಚೌಕ ಜಾಗ, ಬ್ರೋಶರಿನಲ್ಲಿ ಹಸಿರು ಬಣ್ಣ ಬಳಿದು ಉದ್ಯಾನ ಎಂದು ತೋರಿಸಿದ್ದು. ಈಗ ಅಲ್ಲಿ ತಗಡಿನ ಬೇಲಿ, ಬೀಗ, ಒಳಗೆ ಕಾಂಕ್ರೀಟ್ ಮಿಕ್ಸರ್ ಮತ್ತು ಮುಂದಿನ ಟವರಿನ ಸೇಲ್ಸ್ ಆಫೀಸು. ಹಿಂದಿನ ಚಾಳಿನ ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಾರೆ. ಆ ಜಾಗ ನಮ್ಮ ಕಾಂಪ್ಲೆಕ್ಸಿನದ್ದು ಮಾತ್ರ ಅಲ್ಲ, ಆ ಮಕ್ಕಳದ್ದೂ ಹೌದು. ಅವರ ಅಪ್ಪ ಅಜ್ಜಂದಿರು ದುಡಿದ ನೆಲ. ನಮ್ಮ ಸೊಸೈಟಿಯಲ್ಲಿ ಕೆಲವರಿಗೆ ಅದು ತೆರೆಯದಿದ್ದರೇ ಒಳ್ಳೆಯದು, ಹೊರಗಿನವರು ಬರುತ್ತಾರೆ ಎಂಬ ಮನಸ್ಸಿದೆ. ನಾನು ಮೀಟಿಂಗಿನಲ್ಲಿ ಅದನ್ನು ಬಲವಾಗಿ ವಿರೋಧಿಸಿದ್ದೇನೆ, ಇನ್ನೂ ವಿರೋಧಿಸುತ್ತೇನೆ. ಬೀಗ ತೆಗೆಸಲು ವಾರ್ಡ್ ಆಫೀಸಿಗೆ ಕೊಟ್ಟ ಅರ್ಜಿಗೆ ಚಾಳಿನವರೂ ನಾವೂ ಒಟ್ಟಿಗೆ ಸಹಿ ಹಾಕಿದ್ದೇವೆ.

ಮಾರ್ಕು ಕೇಳಿದರೆ ಮನೆಗೆ ಐದರಲ್ಲಿ ನಾಲ್ಕು, ಜಾಗಕ್ಕೆ ಐದು, ಮಣ್ಣಿನ ಬಗ್ಗೆ ಕೊಟ್ಟ ಮಾಹಿತಿಗೆ ಒಂದು. ಬಾಡಿಗೆಗೆ ಬರುವವರು ಧೈರ್ಯವಾಗಿ ಬನ್ನಿ. ಕೊಳ್ಳುವವರು ಇನ್ನೊಂದು ಸ್ವಲ್ಪ ಕಾಯಿರಿ. ಸಿ ವಿಂಗಿನ ಹಿಂದೆ ಮತ್ತು ಮಕ್ಕಳು ಆಡುವ ಅಂಚಿನಲ್ಲಿ ಬೋರ್ ಹಾಕಿ ಎರಡು ಮೀಟರ್ ಆಳದವರೆಗೆ ಮಾದರಿ ತೆಗೆಯಲು, ಕೆಟ್ಟ ಮಣ್ಣನ್ನು ಮ್ಯಾನಿಫೆಸ್ಟ್ ಸಮೇತ ತಳೋಜಾಕ್ಕೆ ಕಳಿಸಲು ಬಿಲ್ಡರ್ ಬರಹದಲ್ಲಿ ಒಪ್ಪಿದ್ದಾರೆ. ಬೋರ್ ಎಲ್ಲಿ ಹಾಕಬೇಕು ಎಂದು ತೋರಿಸಲು ಪಂಪಿನ ಅಣ್ಣನೇ ಬರುತ್ತಾರೆ, ಲ್ಯಾಬು ಯಾವುದೆಂದು ಸೊಸೈಟಿ ಆರಿಸುತ್ತದೆ. ಮಳೆ ನಿಂತ ಮೇಲೆ ಕೆಲಸ ಶುರು. ರಿಪೋರ್ಟು ಕೈಗೆ ಬಂದ ಕೂಡಲೇ ಅಂಕಿಗಳನ್ನು ಇದರ ಕೆಳಗೇ ಹಾಕುತ್ತೇನೆ.